ಮುಖತ್ಯಾರ ಪತ್ರ ಒಡೆತನವಲ್ಲ

ಮೋಟೆಬೆನ್ನೂರು, ಬ್ಯಾಡಗಿ ಭಾಗದಲ್ಲಿ ವಯಸ್ಸಾದ ತಂದೆ-ತಾಯಿಗಳು ಕಚೇರಿಗೆ ಅಲೆಯಲಾರದೆ ಮಗನಿಗೆ ಮುಖತ್ಯಾರ ಪತ್ರ ಬರೆದುಕೊಡುವುದುಂಟು. ತಪ್ಪೇನಿಲ್ಲ. ಮೆಣಸಿನಕಾಯಿ ಮಾರಿದ ಹಣ ತರಲು, ಬ್ಯಾಂಕಿನ ಸಾಲ ಕಟ್ಟಲು, ಉತಾರ ತೆಗೆಸಲು ಮಗನ ಕೈಯೇ ಬೇಕು. ಆದರೆ ಹೊಲ ಇನ್ನೂ ಹಿರಿಯರದೇ.

1872ರ ಕರಾರು ಕಾಯ್ದೆಯಂತೆ ಮುಖತ್ಯಾರನಾದವನು ಕೇಳಿದಾಗ ಲೆಕ್ಕ ಒಪ್ಪಿಸಲೇಬೇಕು. "ಅಪ್ಪನಿಗೆಂಥಾ ಲೆಕ್ಕ" ಎನ್ನುವ ಮಗನ ಮಾತನ್ನು ನಾವು ಒಪ್ಪುವುದಿಲ್ಲ. ಜಾತ್ರೆಯ ಪಟ್ಟಿ ಹಣಕ್ಕೆ ಪೈಸೆ ಬಿಡದೆ ಲೆಕ್ಕ ಕೇಳುವ ಊರು ಇದು!

ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ. ಮುಂದೆ ತಂದೆಗೆ ಮರೆವು ಬಂದರೆ ಇರಲಿ ಎಂದು ಪತ್ರ ಮಾಡಿಸಿಡುತ್ತಾರೆ. ಬುದ್ಧಿಸ್ವಾಧೀನ ತಪ್ಪಿದೊಡನೆಯೇ ಸಾಮಾನ್ಯವಾಗಿ ಆ ಪತ್ರದ ಬಲ ಹೋಗುತ್ತದೆ. ಲಿಂಗೈಕ್ಯರಾದ ಮೇಲಂತೂ ಉಳಿಯುವುದಿಲ್ಲ. ಆಮೇಲೂ ಅದನ್ನೇ ಹಿಡಿದು ಬ್ಯಾಂಕಿಗೆ ಓಡುವವನು ಅಕ್ಕ-ತಂಗಿಯರನ್ನು ಕೋರ್ಟಿಗೆ ಎಳೆದಂತೆ.

ಹಿರಿಯರು ಯಾವ ಕೆಲಸಕ್ಕೆ ಅಧಿಕಾರ ಎಂಬುದನ್ನು ಬಿಡಿಸಿ ಬರೆಸಬೇಕು. ಮಾರುವ, ಒತ್ತೆ ಇಡುವ ಮಾತು ಅದರಲ್ಲಿ ಸೇರಿದೆಯೇ ಎಂದು ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು. ನಂಬಿಕೆ ಮುರಿದರೆ ಪತ್ರ ರದ್ದುಪಡಿಸಿ ಬ್ಯಾಂಕಿಗೂ ಉಪನೋಂದಣಿ ಕಚೇರಿಗೂ ತಿಳಿಸಬೇಕು. ಬರೀ ಮುಖತ್ಯಾರ ಪತ್ರದಿಂದ ಜಮೀನಿನ ಒಡೆತನ ಬದಲಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿದೆ.

ಮನೆಯ ಮಾನ ಹೋದೀತೆಂದು ಬಾಯಿ ಮುಚ್ಚಿಕೊಂಡು ಉಪವಾಸ ಬೀಳುವ ವೃದ್ಧರಿದ್ದಾರೆ. ಮಾನ ಹೋಗಬೇಕಾದ್ದು ಅವರದಲ್ಲ. ಅನ್ನ ಹಾಕದ ಮಕ್ಕಳ ಮೇಲೆ 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಗಳಲ್ಲಿ ಅರ್ಜಿ ಕೊಡಬಹುದು, ವಕೀಲರಿಲ್ಲದೆಯೂ ಕೊಡಬಹುದು.