ಬೋಳು ಗುಡ್ಡ ಬಂಜರಲ್ಲ



ನಮ್ಮ ಪಹಣಿಗಳಲ್ಲಿ 'ಖರಾಬು' ಎಂಬ ಒಂದು ಪದವಿದೆ. ಸಾಗುವಳಿಗೆ ಬಾರದ ನೆಲ ಎಂಬುದಷ್ಟೇ ಕಂದಾಯ ಇಲಾಖೆಯ ಲೆಕ್ಕದಲ್ಲಿ ಅದರ ಅರ್ಥ. ಆದರೆ ಆಡುಮಾತಿನಲ್ಲಿ ಖರಾಬು ಎಂದರೆ ಕೆಟ್ಟದ್ದು. ತೋಟದ ಮೇಲಣ ಹುಲ್ಲುಗುಡ್ಡ, ಅಡಿಕೆ ತೋಟದ ಮಗ್ಗುಲಿನ ಬೇಣ, ಬಯಲುಸೀಮೆಯ ಕಾವಲು ಇವೆಲ್ಲವನ್ನೂ ನಾವು ಈ ಒಂದೇ ಮೂಟೆಗೆ ತುಂಬಿ ಕಟ್ಟಿಬಿಟ್ಟಿದ್ದೇವೆ. ಮರವಿಲ್ಲದ ನೆಲವೆಂದರೆ ಯಾರಾದರೂ ಬಂದು ಸಸಿ ನೆಡಲೆಂದು ಕಾದು ಕುಳಿತಿರುವ ನೆಲ ಎಂದೇ ತಿಳಿದಿದ್ದೇವೆ. ಈ ತಿಳುವಳಿಕೆ ಸರಿಯಲ್ಲ. ಇದರ ನಷ್ಟ ಮೊದಲು ತಟ್ಟುವುದು ಸಣ್ಣ ಹಿಡುವಳಿಯ ಕಾಫಿ, ಅಡಿಕೆ ಬೆಳೆಗಾರರಾದ ನಮಗೇ.

ಹುಲ್ಲುಗಾವಲು ಎಂದರೆ ಎಲ್ಲ ಕಡೆಯೂ ಒಂದೇ ಬಗೆಯದಲ್ಲ. ಕುದುರೆಮುಖ ಮತ್ತು ಚಂದ್ರದ್ರೋಣ ಶ್ರೇಣಿಯ ನೆತ್ತಿಯಲ್ಲಿ ಗಾಳಿಯ ಹೊಡೆತ ಹೆಚ್ಚು, ಮಣ್ಣು ತೆಳು. ಅಲ್ಲಿ ಹುಲ್ಲೇ ರಾಜ. ಕಣಿವೆಯ ಮಡಿಲುಗಳಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡು. ಕಾಟಿ, ಕಡವೆಗಳು ಹಗಲು ಕಾಡಿನ ನೆರಳಲ್ಲಿದ್ದು ಸಂಜೆಗೆ ಹುಲ್ಲಿಗೆ ಇಳಿಯುತ್ತವೆ. ಬಹಳ ವರ್ಷಗಳಿಗೊಮ್ಮೆ ಅರಳುವ ಕುರಿಂಜಿ 2022ರಲ್ಲಿ ಚಂದ್ರದ್ರೋಣದ ಗುಡ್ಡಗಳನ್ನು ನೀಲಿಯಾಗಿಸಿದ್ದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಗುಡ್ಡದ ಹೂವಿನಿಂದ ಹೊಟ್ಟೆ ಹೊರೆಯುವ ಜೇನೇ ರೊಬಸ್ಟಾ ತೋಟಕ್ಕೂ ಬರುವುದು. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದೆಂಬುದು ತಮಗೆಲ್ಲ ತಿಳಿದದ್ದೇ.

ಘಟ್ಟ ಇಳಿದು ಮೂಡಲಿಗೆ ಬಂದರೆ ಬೇರೊಂದೇ ಲೋಕ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾಯ್ದಿರಿಸಿದ ಕಾವಲುಗಳು ಅಲ್ಲಿವೆ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿ ದನಗಳನ್ನು ಅಡ್ಡಾಡಿಸುತ್ತಿದ್ದರು; ಹುಲ್ಲಿಗೂ ವಿಶ್ರಾಂತಿ ಬೇಕೆಂಬುದು ಹಿರಿಯರಿಗೆ ಗೊತ್ತಿತ್ತು. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ ಆ ಪರಂಪರೆಯದೇ. ಕೃಷ್ಣಮೃಗ, ತೋಳ, ನರಿ, ಗೌಜಲಹಕ್ಕಿ, ನೆಲದ ಮೇಲೆ ಗೂಡು ಮಾಡುವ ಬಾನಾಡಿ ಇವೆಲ್ಲ ಕಾವಲಿನ ಒಕ್ಕಲುಗಳು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ಮರದ ಮೇಲೆ ಕೂರದೆ ಹುಲ್ಲಿನ ನಡುವೆ ನೆಲದಲ್ಲೇ ತಂಗುತ್ತವೆ, ಹಗಲು ಹೊಲಗಳ ಮೇಲೆ ಹಾರಾಡಿ ಮಿಡತೆ, ಇಲಿಗಳನ್ನು ಹಿಡಿಯುತ್ತವೆ. ಕೂಲಿ ಕೇಳದ ಆಳುಗಳು ಇವು!

ಇಂತಹ ನೆಲಕ್ಕೆ ಮರ ನೆಟ್ಟರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಉತ್ತರವನ್ನು ರಾಣೆಬೆನ್ನೂರಿನಲ್ಲಿ ನೋಡಬಹುದು. ಅಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಆದರೆ ಅದರ ಬಹುಭಾಗದಲ್ಲಿ ನೀಲಗಿರಿ ತೋಪು ಬೆಳೆಸಲಾಯಿತು. ಬಯಲುಸೀಮೆಯವರು ಎರೆಭೂತ ಎನ್ನುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ಒಂದು ಕಾಲಕ್ಕೆ ಅಲ್ಲಿತ್ತು. ದೂರದ ಶತ್ರುವನ್ನು ಕಾಣಲು ಬಟ್ಟಬಯಲು ಬೇಕಾದ, ನೆಲದಲ್ಲೇ ಮೊಟ್ಟೆ ಇಡುವ ಆ ಹಕ್ಕಿ ಇಂದು ಅಲ್ಲಿಲ್ಲ. ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಹೆಸರಿಗೆ ಅಭಯ ಕೊಟ್ಟು ಮನೆಯನ್ನೇ ಬದಲಾಯಿಸಿಬಿಟ್ಟರೆ ಅದು ಯಾರಿಗೆ ಅಭಯ?

ಹಕ್ಕಿಯ ಮಾತು ಹಾಗಿರಲಿ, ನೀರಿನ ಮಾತಿಗೆ ಬರೋಣ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದು ಕುದುರೆಮುಖ ಸೀಮೆಯ ಹುಲ್ಲು ಮತ್ತು ಶೋಲಾ ಕೂಡಿದ ಗುಡ್ಡಗಳಲ್ಲಿ. ಭದ್ರಾ ನಾಲೆಯ ನೀರನ್ನೇ ನಂಬಿರುವ ಭದ್ರಾವತಿ, ಚನ್ನಗಿರಿಯ ಅಡಿಕೆ ತೋಟಗಳೂ ಆ ಹುಲ್ಲಿನ ಋಣದಲ್ಲಿವೆ. ಹುಲ್ಲಿನ ಬೇರು ಮಣ್ಣನ್ನು ಬಲೆಯಂತೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತು ನೀರು ಕುಡಿಯುವುದನ್ನು ನಿಲ್ಲಿಸುತ್ತದೆ. ನೀಲಗಿರಿ, ಅಕೇಶಿಯಾಗಳು ಹಾಗಲ್ಲ, ವರ್ಷವಿಡೀ ಕುಡಿಯುತ್ತಲೇ ಇರುತ್ತವೆ. ಊಟಿಯ ಬಳಿ ಗ್ಲೆನ್‌ಮಾರ್ಗನ್ ಎಂಬಲ್ಲಿ ಮಣ್ಣು ಮತ್ತು ಜಲ ಸಂರಕ್ಷಣಾ ವಿಜ್ಞಾನಿಗಳು 1972ರಲ್ಲಿ ಹುಲ್ಲುಗಾವಲಿನ ಒಂದು ಜಲಾನಯನಕ್ಕೆ ನೀಲಗಿರಿ ನೆಟ್ಟು, ಪಕ್ಕದ ಇನ್ನೊಂದನ್ನು ಹುಲ್ಲಾಗಿಯೇ ಬಿಟ್ಟು, ವರ್ಷಗಟ್ಟಲೆ ಹರಿವನ್ನು ಅಳೆದರು. ಮರ ನೆಟ್ಟ ಕಡೆ ಮೊದಲ ಸುತ್ತಿನಲ್ಲೇ ಹರಿವು ಸರಾಸರಿ ಶೇ. 16ರಷ್ಟು ಇಳಿದಿತ್ತು. ಮಾರ್ಚಿಯಲ್ಲಿ ಹೂಮಳೆ ಕೈಕೊಟ್ಟು, ತುಂತುರು ನೀರಾವರಿಗಾಗಿ ಹಳ್ಳದ ಕಡೆ ನೋಡುವ ಕಾಫಿ ಬೆಳೆಗಾರನಿಗೆ ಈ ಶೇ. 16 ಎಂದರೆ ಏನೆಂದು ವಿವರಿಸಬೇಕಾಗಿಲ್ಲ.

ನೆಲದ ಬೆಲೆ ಏರಿದಲ್ಲಿ ಹುಲ್ಲಿನ ಗತಿ ಏನಾಗುವುದೆಂದು ತಿಳಿಯಲು ಬೆಂಗಳೂರಿಗೇ ಹೋಗಿ ನೋಡಬೇಕು. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಬನಶಂಕರಿ ಬಡಾವಣೆಯಲ್ಲಿದ್ದಾರೆ. ಬನಶಂಕರಿ ಆರನೇ ಹಂತಕ್ಕೆ ತಾಗಿದಂತೆಯೇ ತುರಹಳ್ಳಿ ಅರಣ್ಯವಿದೆ: ಬಂಡೆ, ಹುಲ್ಲು, ಕುರುಚಲು ಗಿಡ. ಆ ಸುತ್ತಿನಲ್ಲಿ ಬಿ.ಎಂ. ಕಾವಲು, ಯು.ಎಂ. ಕಾವಲು ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಕಾವಲು ಹೋಗಿ ನಿವೇಶನವಾಯಿತು, ಹೆಸರು ಮಾತ್ರ ಉಳಿಯಿತು. ಅಳಿದುಳಿದ ತುರಹಳ್ಳಿಯಲ್ಲಿ 2021ರಲ್ಲಿ ವೃಕ್ಷೋದ್ಯಾನ ಮಾಡಹೊರಟಾಗ, ಇದು ಇದ್ದಂತೆಯೇ ಇರಲಿ ಎಂದು ಸುತ್ತಲಿನ ನಿವಾಸಿಗಳೇ ಬೀದಿಗಿಳಿದು ತಡೆದರು. ನಗರದ ಇನ್ನೊಂದು ತುದಿಯಲ್ಲಿ ಹೆಸರಘಟ್ಟದ ಹುಲ್ಲುಗಾವಲಿದೆ. ಅದನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾಪವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಳ್ಳಿಹಾಕಿತ್ತು. 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ಪಟ್ಟಣದವರು ಎಲ್ಲವನ್ನೂ ಕಳೆದುಕೊಂಡ ಮೇಲೆ ಕಲಿತ ಪಾಠವನ್ನು ನಾವು ಇನ್ನೂ ಇರುವಾಗಲೇ ಕಲಿಯಬಹುದಲ್ಲವೇ?

ಸಂರಕ್ಷಣೆ ಎಂಬ ಮಾತು ಕಿವಿಗೆ ಬಿದ್ದರೆ ಮಲೆನಾಡಿನವರಿಗೆ ಎದೆ ನಡುಗುತ್ತದೆ. ಇದು ಸುಳ್ಳು ಭಯವೇನಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಮೇಲೆ ಒಳಗಿನ ಹಳ್ಳಿಗಳ ಜನ ಪಟ್ಟ ಪಾಡು ನಮ್ಮ ಕಣ್ಣೆದುರಿಗಿದೆ. ತಲೆಮಾರುಗಳಿಂದ ದನ ಮೇಯಿಸಿದ, ಕರಡ ಕೊಯ್ದ ರೈತನನ್ನು ಕಳ್ಳನಂತೆ ಕಾಣುವ ಯಾವ ಕಾನೂನೂ ಹುಲ್ಲನ್ನು ಉಳಿಸಲಾರದು. ಆದರೆ ಎಲ್ಲ ಸಂರಕ್ಷಣೆಯೂ ಒಂದೇ ಅಲ್ಲ ಎಂಬುದನ್ನೂ ನಾವು ತಿಳಿದಿರಬೇಕು. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯಂತೆ 'ಸಂರಕ್ಷಣಾ ಮೀಸಲು' ಎಂಬ ಬೇರೆ ವರ್ಗವಿದೆ. ಅದನ್ನು ಸರ್ಕಾರಿ ಜಮೀನಿನಲ್ಲಿ, ಸ್ಥಳೀಯರೊಡನೆ ಸಮಾಲೋಚಿಸಿಯೇ ಘೋಷಿಸಬೇಕು. ಅದರ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಲೇಬೇಕು. ನಮ್ಮ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಹೀಗೆ ಮೀಸಲಾಯಿತು. ಬಾಗಿಲು ಹಾಕಿ ನಮ್ಮನ್ನು ಹೊರಗಿಡುವ ಸಂರಕ್ಷಣೆಯನ್ನು ಪ್ರಶ್ನಿಸೋಣ. ನಮ್ಮನ್ನು ಪಂಕ್ತಿಯಲ್ಲಿ ಕೂರಿಸುವ ಸಂರಕ್ಷಣೆಯನ್ನು ಕೇಳಿ ಪಡೆಯೋಣ. ಎಲ್ಲಕ್ಕೂ ಬೇಡ ಎಂದು ಕೂತರೆ ಗುಡ್ಡ ಉಳಿಯುವುದು ನಮಗಲ್ಲ, ರೆಸಾರ್ಟು ಕಟ್ಟುವವರಿಗೆ.

ಇನ್ನು ನಮ್ಮ ಕೈಯಲ್ಲೇ ಇರುವ ಕೆಲಸಗಳು. ಬೇಣದಲ್ಲಿ ಅಕೇಶಿಯಾ, ಸಿಲ್ವರ್ ಓಕ್ ನೆಡುವುದು ಬೇಡ. ಕರಡಕ್ಕೂ ದನಕ್ಕೂ ಅದು ಹುಲ್ಲಾಗಿಯೇ ಇರಲಿ. ಹೊಸ ಚಿಗುರಿನ ಆಸೆಗೆ ಗುಡ್ಡಕ್ಕೆ ಬೆಂಕಿ ಇಡುವುದನ್ನು ನಿಲ್ಲಿಸಿ, ಬೇಸಿಗೆಗೆ ಮೊದಲೇ ಊರೊಟ್ಟಾಗಿ ಬೆಂಕಿರೇಖೆ ಕಡಿಯೋಣ. ಒಮ್ಮೆ ಸುಟ್ಟ ಶೋಲಾ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮರಳಿ ಬರುವುದು ಕಷ್ಟ. ಜುಲೈ ತಿಂಗಳ ವನಮಹೋತ್ಸವಕ್ಕೆ ಸಸಿ ಬಂದಾಗ ರಸ್ತೆ ಬದಿ, ಶಾಲೆಯ ಅಂಗಳ ತೋರಿಸೋಣ, ಹುಲ್ಲುಗುಡ್ಡವನ್ನಲ್ಲ. ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ನಮ್ಮ ಗುಡ್ಡಗಳನ್ನು ಹುಲ್ಲುಗಾವಲು ಎಂದೇ ಬರೆಸೋಣ. ನಮ್ಮ ಸಹಕಾರ ಸಂಘವೂ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಇದನ್ನು ವಿಷಯಸೂಚಿಗೆ ತಂದು ಒಂದು ನಿರ್ಣಯ ಅಂಗೀಕರಿಸಲಿ ಎಂಬುದು ನನ್ನ ವಿನಂತಿ.

ಕಾಫಿ, ಅಡಿಕೆಯ ಧಾರಣೆ ಏರುತ್ತದೆ, ಇಳಿಯುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಹಳ್ಳದಲ್ಲಿ ಏಪ್ರಿಲ್ಲಿನವರೆಗೂ ನೀರಿರುವುದು ಬಹುಮಟ್ಟಿಗೆ ಮೇಲಿನ ಗುಡ್ಡದ ಕೈಯಲ್ಲಿದೆ, ಆ ಗುಡ್ಡ ಇನ್ನೂ ನಮ್ಮ ಕಣ್ಣಳತೆಯಲ್ಲೇ ಇದೆ. ಸದಸ್ಯ ಬಾಂಧವರು ಈ ಬಗ್ಗೆ ತಮ್ಮ ಅನುಭವ, ಆಕ್ಷೇಪಗಳನ್ನು ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.