ಹೊರೆ ಇಳಿಸ್ತೀವಿ ಅಂತ ಬಂದವರು

ಮತ್ತಾಯ 11:28 ಇಲ್ಲದ ಕ್ರೈಸ್ತರ ಮನೆ ಸಿಗೋದು ಕಷ್ಟ. ದುಡಿದು ಸೋತವರನ್ನು, ಹೊರೆ ಹೊತ್ತವರನ್ನು ಯೇಸುಸ್ವಾಮಿ ಹತ್ತಿರ ಕರೆದು ವಿಶ್ರಾಂತಿಯ ಮಾತು ಕೊಡೋ ವಚನ. ಗೋಡೆ ಮೇಲೆ, ಕ್ಯಾಲೆಂಡರಿನಲ್ಲಿ, ಆಟೋ ಹಿಂದೆ, ಈಗ ಬೆಳಗಾದರೆ ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರದ ಜೊತೆ. ನನಗೂ ಬಲು ಪ್ರಿಯವಾದ ವಚನವೇ. ಸಿಟ್ಟಿರೋದು ಅದನ್ನು ಮಾರಿಕೊಂಡು ತಿರುಗೋವರ ಮೇಲೆ.

ತಮಾಷೆ ನೋಡಿ, ಈ ವಿಷಯದಲ್ಲಿ ನಮ್ಮ ಪವಾಡದ ಪ್ರಸಂಗಿಗಳಿಗೂ ವಿಚಾರವಾದಿ ಗೆಳೆಯರಿಗೂ ಒಂದೇ ಅಭಿಪ್ರಾಯ! ಪ್ರಾರ್ಥನೆ ಅಂದ್ರೆ ನೋವಿನ ಮಾತ್ರೆ ಅಂತ. ಇವರು ಅದನ್ನು ಹಂಚ್ತಾರೆ, ಅವರು 'ಅಫೀಮು ಕಣಯ್ಯಾ' ಅಂತ ನಗ್ತಾರೆ. ಇಬ್ಬರೂ ಮುಂದಿನ ವಚನ ಓದಿಲ್ಲ ಅಂತ ನನ್ನ ಗುಮಾನಿ. ಅಲ್ಲಿ ಹಾಸಿಗೆ ಹಾಸಿಟ್ಟಿಲ್ಲ ಸ್ವಾಮೀ, ನೊಗ ಇದೆ. ತನ್ನ ನೊಗಕ್ಕೆ ಹೆಗಲು ಕೊಟ್ಟು ತನ್ನಿಂದ ಕಲಿಯೋಕೆ ಹೇಳ್ತಾರೆ ಯೇಸು. ಹೊಲ ಉತ್ತವರಿಗೆ ಗೊತ್ತು, ಹೊಸ ಹೋರಿಯನ್ನು ಪಳಗಿದ ಎತ್ತಿನ ಪಕ್ಕ ಕಟ್ಟಿ ಕಲಿಸ್ತಾರೆ. ಕೆಲಸ ತಪ್ಪೋದಿಲ್ಲ, ಭಾರ ಹಂಚಿಹೋಗುತ್ತೆ. ಆ ನೊಗಕ್ಕೆ ಗ್ರೀಕ್ ಮೂಲದಲ್ಲಿರೋ ವಿಶೇಷಣ 'ಖ್ರೇಸ್ತೊಸ್'. ಮನುಷ್ಯರ ಬಗ್ಗೆ ಹೇಳುವಾಗ ಅದಕ್ಕೆ ದಯೆಯುಳ್ಳವನು ಅನ್ನೋ ಅರ್ಥ. ಹೆಗಲು ಉಜ್ಜಿ ಗಾಯ ಮಾಡದ ನೊಗ ಅಂತ ನಾನು ಓದ್ಕೋತೀನಿ.

ಇನ್ನು ಆ ಹೊರೆ ಯಾವುದು? ಸಾಲ, ಕಾಯಿಲೆ, ಮಗಳ ಮದುವೆ ಎಲ್ಲವೂ ಇರಬಹುದು. ಆದರೆ ಅದೇ ಮತ್ತಾಯದ 23ನೇ ಅಧ್ಯಾಯದಲ್ಲಿ ಹೊರೆ ಮತ್ತೆ ಬರುತ್ತೆ, ಮೂಲದಲ್ಲೂ ಅದೇ ಧಾತುವಿನ ಪದ. ಅಲ್ಲಿ ಬೈಸಿಕೊಳ್ಳೋರು ಶಾಸ್ತ್ರಿಗಳು, ಫರಿಸಾಯರು. ಜನರ ಹೆಗಲಿಗೆ ಭಾರೀ ಹೊರೆ ಕಟ್ಟಿ, ತಾವು ಬೆರಳೂ ತಾಗಿಸದವರು. ಅಂದ್ರೆ ಧರ್ಮ ಬೋಧಿಸೋರೇ ಹೊರಿಸಿದ ಹೊರೆ!

ಅಂಥ ಹೊರೆಯನ್ನು ನಾನು ಕಣ್ಣಾರೆ ನೋಡಿದ್ದೀನಿ. ಭಾವನಿಗೆ ಲಕ್ವಾ ಹೊಡೆದ ಮೇಲೆ ನಮ್ಮಕ್ಕ ಎರಡು ವರ್ಷ ಹಗಲೂ ರಾತ್ರಿ ಅವರ ಸೇವೆಯಲ್ಲೇ ಕಳೆದಳು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸೋದು, ಬೆಡ್‌ಪ್ಯಾನ್, ಗಂಜಿ ಗುಟುಕು ಗುಟುಕಾಗಿ ಕುಡಿಸೋದು... ಅವಳಿಗೆ ನಿದ್ದೆ ಹೋಯ್ತು, ಆಮೇಲೆ ಮಾತೂ ಹೋಯ್ತು. ಡಾಕ್ಟರು ಖಿನ್ನತೆ ಅಂತ ಮಾತ್ರೆ ಬರೆದುಕೊಟ್ರು. ನಿಧಾನಕ್ಕೆ ಚೇತರಿಸಿಕೊಳ್ತಿದ್ದಳು. ಅಷ್ಟರಲ್ಲಿ ಹೊರಗಿಂದ ಬಂದ ಪ್ರಸಂಗಿಯೊಬ್ಬರು ತಲೆ ಮೇಲೆ ಕೈಯಿಟ್ಟು, "ಸಹೋದರೀ, ಭಾರ ಕರ್ತನ ಮೇಲೆ ಹಾಕಿದ ಮೇಲೆ ಮಾತ್ರೆ ಯಾಕೆ? ಅದು ಅಪನಂಬಿಕೆ" ಅಂದ್ರು. ಕಾಣಿಕೆ ತಗೊಂಡು ಹೋದ್ರು. ಅಕ್ಕ ಮಾತ್ರೆ ನಿಲ್ಲಿಸಿಬಿಟ್ಟಳು. ಮೂರು ವಾರ ಆಗೋದ್ರೊಳಗೆ ಮೊದಲಿಗಿಂತ ಕೆಟ್ಟ ಸ್ಥಿತಿ. "ಸರಿ ಹೋಗ್ತಿಲ್ಲ ಅಂದ್ರೆ ನನ್ನ ನಂಬಿಕೇನೇ ಸುಳ್ಳು ಕಣೋ" ಅಂದಳು ಒಂದು ದಿನ. ಗಂಡನ ಭಾರದ ಮೇಲೆ ಈಗ ಇದೊಂದು.

ಈ ಮಹಾನುಭಾವರು ಯಾವ ಬೈಬಲ್ ಓದ್ತಾರೋ! ಪೌಲ ತನಗೆ ಚುಚ್ಚುತ್ತಿದ್ದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿದ, ತೆಗೆಯಲಿಲ್ಲ. ಗೆತ್ಸೇಮನೆಯಲ್ಲಿ ಯೇಸುವೇ ಮೂರು ಸಲ ಪ್ರಾರ್ಥಿಸಿದರು, ಪಾತ್ರೆ ತಪ್ಪಲಿಲ್ಲ. ಅವರಿಗೂ ನಂಬಿಕೆ ಸಾಲದಾಗಿತ್ತೇ? 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತೆ, ಕೊನೆಗೊಂದು ಸಾಂತ್ವನದ ಸಾಲೂ ಇಲ್ಲ. ಆದರೂ ಅದು ಪ್ರಾರ್ಥನೆಯೇ. ನನಗೆ ಎಲ್ಲಕ್ಕಿಂತ ಇಷ್ಟ ಎಲೀಯನ ಕಥೆ (1 ಅರಸುಗಳು 19). ಸಾಕಾಯ್ತು, ಪ್ರಾಣ ತಗೋ ಅಂತ ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಇನ್ನೊಂದು ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ಮಾತುಕತೆ ಎಲ್ಲ ಆಮೇಲೆ.

ಅಕ್ಕನನ್ನು ಮತ್ತೆ ಡಾಕ್ಟರ ಹತ್ತಿರ ಕರ್ಕೊಂಡು ಹೋದದ್ದು ನಮ್ಮ ಸಭೆಯ ಗುರುವಾರದ ಪ್ರಾರ್ಥನಾಕೂಟದ ಹೆಂಗಸರು. ಅಷ್ಟಕ್ಕೇ ಬಿಡಲಿಲ್ಲ. ರಾತ್ರಿಗೊಬ್ಬರಂತೆ ಪಾಳಿ ಹಾಕಿಕೊಂಡು ಭಾವನ ಪಕ್ಕ ಕೂತರು. ಮೊದಲ ರಾತ್ರಿ ಅಕ್ಕ ಒಂಬತ್ತು ಗಂಟೆ ನಿದ್ದೆ ಮಾಡಿದಳು. ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಒಬ್ಬರ ಭಾರ ಇನ್ನೊಬ್ಬರು ಹೊರುವ ಮಾತು ಬರುತ್ತಲ್ಲ, ಅದು ಬೆಡ್‌ಪ್ಯಾನ್ ಸಮೇತ ಅಂತ ನನಗೆ ಗೊತ್ತಾಗಿದ್ದು ಆಗಲೇ.

"ಇದಕ್ಕೆ ದೇವರು ಯಾಕೆ ಬೇಕು, ಒಳ್ಳೇ ನೆರೆಹೊರೆ ಸಾಕು" ಅಂತೀರಿ, ಗೊತ್ತು. ಆ ಬೀದಿಯಲ್ಲಿ ನೆರೆಹೊರೆ ಎರಡು ವರ್ಷದಿಂದ ಇತ್ತು ಮಾರಾಯರೇ. ವಾರವಾರ ಅವಳ ಹೆಸರು ಹಿಡಿದು ಪ್ರಾರ್ಥಿಸಿ, ಆಮೇಲೆ ಸುಮ್ಮನೆ ಮನೆಗೆ ಹೋಗೋಕೆ ಮನಸ್ಸು ಒಪ್ಪಲಿಲ್ಲ ಅಂತ ಆ ಹೆಂಗಸರೇ ಹೇಳ್ತಾರೆ. ಅಕ್ಕ ಈಗ ಮಾತ್ರೆ ನುಂಗಿಯೇ ಪ್ರಾರ್ಥನೆಗೆ ಕೂರ್ತಾಳೆ, ನೀರಿನ ಲೋಟ ಬೈಬಲ್ ಪಕ್ಕದಲ್ಲೇ ಇರುತ್ತೆ.

ಪ್ರಸಂಗಿಗಳು ಮುಂದಿನ ತಿಂಗಳು ಮತ್ತೆ ಬರ್ತಾರಂತೆ. ಪಾಳಿ ಪಟ್ಟಿಯಲ್ಲಿ ಶನಿವಾರ ರಾತ್ರಿ ಖಾಲಿ ಇದೆ, ಅವರ ಹೆಸರು ಬರೆದಿಡಿ ಅಂತ ಹೇಳಿದ್ದೀನಿ. ಏನಂತೀರಿ?