ಪಳ್ಳಿಯ ಕರೆಂಟು ಯಾರ ದುಡ್ಡು?

ಅಸರ್ ನಮಾಝ್‌ಗೆ ಒಂದು ಸಫ್ ಕೂಡ ಪೂರ್ತಿ ತುಂಬಿರುವುದಿಲ್ಲ. ಆದರೂ ಪಳ್ಳಿಯ ಅಷ್ಟೂ ಫ್ಯಾನ್‌ಗಳು ತಿರುಗುತ್ತಿರುತ್ತವೆ. ಮನೆಯಲ್ಲಿ ‘ಲೈಟ್ ಆರಿಸು ಮೋನೇ’ ಎಂದು ಮಕ್ಕಳನ್ನು ಗದರುವವರೂ ಇಲ್ಲಿ ನಮಾಝ್ ಮುಗಿಸಿ ಸೀದಾ ಚಪ್ಪಲಿ ಹಾಕಿಕೊಂಡು ನಡೆಯುತ್ತಾರೆ. ಬಿಲ್ಲು ಜಮಾಅತ್ ಕಟ್ಟುತ್ತದಲ್ಲ! ಆದರೆ ಜಮಾಅತ್ ಅಂದರೆ ಯಾರು? ತಿಂಗಳ ವಂತಿಗೆ ಕೊಡುವ ನಾವೇ ತಾನೆ?

ಒಂದು ಸಣ್ಣ ಲೆಕ್ಕ ಹಾಕೋಣ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನ್‌ಗೆ ಸುಮಾರು 30 ವ್ಯಾಟ್ ಸಾಕು. 20 ಫ್ಯಾನ್ ದಿನಕ್ಕೆ 5 ಗಂಟೆ ತಿರುಗಿದರೆ ತಿಂಗಳಿಗೆ 135 ಯೂನಿಟ್ ಉಳಿತಾಯ. ಹೊಸ ಫ್ಯಾನ್‌ಗೆ ಬೆಲೆ ಜಾಸ್ತಿ, ನಿಜ. ಎಲ್ಲವನ್ನೂ ಒಂದೇ ಸಲ ಬದಲಿಸಬೇಕಿಲ್ಲ. ಹಾಳಾದದ್ದರ ಜಾಗಕ್ಕೆ ಹೊಸದು ಹಾಕುತ್ತಾ ಹೋದರಾಯಿತು. ಸಫ್‌ಗೊಂದು ಸ್ವಿಚ್ ಇಡಲು ಅಷ್ಟೂ ಖರ್ಚಿಲ್ಲ.

ಇನ್ನು ನೀರು. ಬಾವಿಗೆ ಬಗ್ಗಿದರೆ ನೀರು ಕಾಣುವ ಕರಾವಳಿಯಿಂದ ಘಟ್ಟ ಹತ್ತಿ, ಚಳ್ಳಕೆರೆ, ಗೌರಸಮುದ್ರದಂಥ ಬಯಲುಸೀಮೆಗೆ ವ್ಯಾಪಾರಕ್ಕೆ ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಬೋರ್‌ವೆಲ್‌ ಆಳ ನೂರಾರು ಅಡಿ. 300 ಅಡಿ ಆಳದಿಂದ 1,000 ಲೀಟರ್ ನೀರೆತ್ತಲು ಕನಿಷ್ಠ ಕಾಲು ಯೂನಿಟ್ ಬೇಕು. ಮೋಟಾರಿನ ನಷ್ಟವೂ ಸೇರಿದರೆ ಅರ್ಧ ಯೂನಿಟ್ಟು ದಾಟುತ್ತದೆ. ವುಳೂ ಮಾಡುವಾಗ ನಲ್ಲಿ ಸುಮ್ಮನೆ ಹರಿಯಿತು ಎಂದರೆ ನೀರಿನ ಜೊತೆ ಕರೆಂಟೂ ಹರಿದು ಹೋಯಿತು ಎಂದೇ ಅರ್ಥ. ಹರಿಯುವ ಹೊಳೆಯ ದಡದಲ್ಲಿದ್ದರೂ ವುಳೂವಿನ ನೀರನ್ನು ಪೋಲು ಮಾಡಬಾರದೆಂದು ಕಲಿತವರು ನಾವು.

ಮನೆಗಳಲ್ಲಿ 2023ರಿಂದ ಗೃಹಜ್ಯೋತಿ ಇದೆ, ನಿಜ. ಆದರೆ ಅದು ಮನೆಗೆ ಮಾತ್ರ, ಪಳ್ಳಿಗಲ್ಲ. ಮನೆಯಲ್ಲೂ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆ ಮೇಲೆ. ಬೇಸಿಗೆಯಲ್ಲಿ ಕಾದ ತಾರಸಿಯ ಕೆಳಗೆ ರಾತ್ರಿಯಿಡೀ ಫ್ಯಾನ್, ಕೂಲರ್ ಓಡಿಸುವವರು ಈ ಗಡಿ ದಾಟುವುದು ಸುಲಭ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲು ಅರ್ಧದಷ್ಟು ಅಲ್ಲೇ ವಾಪಸ್ ಹೋಗುತ್ತದೆ, ಕೆಳಗಿನ ಕೋಣೆಯ ಕಾವೂ ಇಳಿಯುತ್ತದೆ. ಉಚಿತ ಅಂದ ಮಾತ್ರಕ್ಕೆ ಇಸ್ರಾಫ್ ಹಲಾಲ್ ಆಗುವುದಿಲ್ಲ.

ಜಮಾಅತ್‌ಗಳು ಒಂದು ಕೆಲಸ ಮಾಡಲಿ. ಪ್ರತಿ ತಿಂಗಳ ಕರೆಂಟು ಬಿಲ್ಲನ್ನು ಪಳ್ಳಿಯ ನೋಟಿಸ್ ಬೋರ್ಡಿಗೆ ಅಂಟಿಸಲಿ. ಮೊತ್ತ ಕಣ್ಣಿಗೆ ಬಿದ್ದರೆ ಸ್ವಿಚ್ಚೂ ಕಣ್ಣಿಗೆ ಬೀಳುತ್ತದೆ. ಉಳಿದ ದುಡ್ಡು ಉಸ್ತಾದರ ಸಂಬಳಕ್ಕೋ, ಮದ್ರಸದ ಬಡ ಮಕ್ಕಳ ಪುಸ್ತಕಕ್ಕೋ ಆಗುತ್ತದೆ.